ಕರಣೆ

ಗಾರೆ ಹರವುವ ಹತಾರ ಮೈಸೂರು ಸೀಮೆಯ ಮೇಸ್ತ್ರಿಗೆ ಕರಣೆ. ಉತ್ತರದ ಗೌಂಡಿಯ ಬಾಯಲ್ಲಿ ಥಾಪಿ. ಗಡಿ ದಾಟಿದರೆ ತೆಲುಗರಲ್ಲಿ ಮನೆ ಕಟ್ಟುವವನೇ ತಾಪಿ ಮೇಸ್ತ್ರಿ. ಹತಾರದ ಹೆಸರು ಅಲ್ಲಿ ಆಳಿನ ಹೆಸರಿಗೂ ಏರಿದೆ. ತಮಿಳಿನ ಕರಂಡಿ ಅಡುಗೆಮನೆಯಲ್ಲಿ ಸೌಟು, ಗೋಡೆಯ ಬಳಿ ಕರಣೆ. ಇಂಗ್ಲಿಷಿನ ಟ್ರೊವೆಲ್ ಕೂಡ ಲ್ಯಾಟಿನ್ನಿನ ಸೌಟಿನಿಂದಲೇ ಹುಟ್ಟಿದ್ದು. ಈ ಎರಡೂ ಕಡೆ ಮೊಗೆಯುವುದನ್ನು ಕಂಡು ಹೆಸರಿಟ್ಟರು. ನಮ್ಮ ಕರಣೆ ಮಾತ್ರ ಉಪಕರಣ, ಅಂತಃಕರಣಗಳಲ್ಲಿರುವ ‘ಕರಣ’ದ ಬಳಗದ್ದೆಂದು ತೋರುತ್ತದೆ: ಯಾವುದರಿಂದ ಕೆಲಸ ನಡೆಯುತ್ತದೋ ಅದು.

ಈ ಹೆಸರು ಅದಕ್ಕೆ ಸಲ್ಲಬೇಕಾದದ್ದೇ. ಬಾಂಡ್ಲಿಯಿಂದ ಗಾರೆ ಎತ್ತುವುದು, ವರಸೆಯ ಮೇಲೆ ಹರವುವುದು, ಇಟ್ಟಿಗೆ ಕೂರಿಸಿ ಹಿಡಿಯ ತುದಿಯಿಂದ ತಟ್ಟುವುದು, ಸಂದಿನಿಂದ ಉಕ್ಕಿ ಬಂದದ್ದನ್ನು ಅಂಚಿನಲ್ಲಿ ಸವರಿ ಮತ್ತೆ ಬಾಂಡ್ಲಿಗೆ ಎಸೆಯುವುದು, ಅರ್ಧ ಇಟ್ಟಿಗೆ ಬೇಕಾದರೆ ಒಂದೇ ಏಟಿಗೆ ಒಡೆಯುವುದು. ಇಷ್ಟನ್ನೂ ಮೇಸ್ತ್ರಿ ಕರಣೆಯನ್ನು ಕೆಳಗಿಡದೆ ಮಾಡುತ್ತಾನೆ.

ಸುಣ್ಣದ ಕಾಲದಲ್ಲಿ ಅದಕ್ಕೆ ಇನ್ನೂ ದೊಡ್ಡ ಪಾಲಿತ್ತು. ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಲ್ಲಿ ಕಲಸಿ ಅರೆದ ಗಾರೆ ಸಿಮೆಂಟಿನಂತೆ ಬೇಗ ಬಿಗಿಯುವುದಿಲ್ಲ. ಆರುತ್ತ ಕುಗ್ಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆಗ ಕರಣೆಯಿಂದ ಒತ್ತಿ ಒತ್ತಿ ಉಜ್ಜಬೇಕು. ಬಿರುಕು ಮುಚ್ಚಿ, ಮೈ ಬಿಗಿದು, ಕೊನೆಗೆ ಹೊಳಪು ಬರುತ್ತದೆ. ಹಳೆಯ ಮನೆಗಳ ಗಾರೆ ನೆಲದ ತಂಪು ನುಣುಪೆಲ್ಲ ಆ ತೋಳಿನ ದುಡಿಮೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದೂ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯೇ. ಅಣೆಕಟ್ಟೆಯ ಮಾತು ಬಂದಾಗ ಎಂಜಿನಿಯರರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಕರಣೆ ಹಿಡಿದವರ ಹೆಸರುಗಳೂ ಎಲ್ಲಾದರೂ ಕೆತ್ತಿರಬೇಕಿತ್ತು.

ಇನ್ನು ತೋಟ. ಕಳೆಗೆ ಕುರ್ಪಿ ಇದೆ, ಅಗೆತಕ್ಕೆ ಗುದ್ದಲಿ ಇದೆ. ಸಸಿಯನ್ನು ಬೇರಿನ ಮಣ್ಣುಸಮೇತ ಎತ್ತಿ ಕುಂಡಕ್ಕೆ ಇಳಿಸುವ ದೋಣಿಯಾಕಾರದ ಪುಟ್ಟ ಅಲಗನ್ನು ಮಾತ್ರ ನರ್ಸರಿಯಲ್ಲಿ ‘ಗಾರ್ಡನ್ ಟ್ರೊವೆಲ್’ ಎಂದೇ ಕೇಳುತ್ತೇವೆ. ಅದನ್ನು ತೋಟದ ಕರಣೆ ಎನ್ನಲು ನನಗೆ ಯಾವ ಅಳುಕೂ ಇಲ್ಲ. ಗಾರೆಯದು ಚಪ್ಪಟೆ, ಇದು ಗುಳಿ ಎನ್ನಬಹುದು. ಆದರೆ ಸವೆದ ಗಾರೆ ಕರಣೆಯಿಂದ ತುಳಸಿಕಟ್ಟೆಯ ಮಣ್ಣು ಸಡಿಲಿಸುವವರು ಈ ನಂಟನ್ನು ಆಗಲೇ ಬೆಸೆದಿದ್ದಾರೆ. ಅಂಗಡಿಯಲ್ಲಿ ಈ ಹೆಸರು ಹಿಡಿದೇ ಕೇಳಿ. ಕೊಳ್ಳುವಾಗ ಅಲಗೂ ಕತ್ತೂ ಒಂದೇ ತುಂಡು ಉಕ್ಕಿನದಾಗಿರಲಿ. ತೆಳ್ಳನೆಯ ತಗಡಿಗೆ ಬೆಸುಗೆ ಹಾಕಿದ್ದು ಒಣಗಿದ ಕೆಮ್ಮಣ್ಣಿಗೆ ಸಿಕ್ಕರೆ ಕತ್ತಿನ ಹತ್ತಿರವೇ ಬಾಗುತ್ತದೆ.