ಅಂಗರಾಗದ ಮಿತಿ: ಪ್ರಸಾಧನದ ಚರಿತ್ರೆಯಲ್ಲಿ ಆಯ್ಕೆಯ ಪ್ರಶ್ನೆ

ಜೈನಾಗಮಗಳ ಏಳನೆಯ ಅಂಗವಾದ ಉಪಾಸಕದಶಾದ ಮೊದಲ ಅಧ್ಯಯನದಲ್ಲಿ ವಾಣಿಜ್ಯಗ್ರಾಮದ ಆನಂದನೆಂಬ ಗೃಹಪತಿಯ ಕಥೆ ಬರುತ್ತದೆ. ಹನ್ನೆರಡು ಕೋಟಿ ಸುವರ್ಣದ ಒಡೆಯ. ನಾಲ್ಕು ಕೋಟಿ ಭಂಡಾರದಲ್ಲಿ, ನಾಲ್ಕು ಕೋಟಿ ಬಡ್ಡಿಯಲ್ಲಿ, ನಾಲ್ಕು ಕೋಟಿ ಮನೆವಾರ್ತೆಯಲ್ಲಿ. ಮಹಾವೀರನ ಉಪದೇಶವನ್ನು ಕೇಳಿ ಅವನು ಶ್ರಾವಕವ್ರತವನ್ನು ಸ್ವೀಕರಿಸುತ್ತಾನೆ. ಅವನು ಸಂನ್ಯಾಸಿಯಾಗುವುದಿಲ್ಲ, ಸಂಪತ್ತನ್ನೂ ತೊರೆಯುವುದಿಲ್ಲ. ಬಳಕೆಗೆ ಮಿತಿಯನ್ನು ಹಾಕಿಕೊಳ್ಳುತ್ತಾನೆ. ಆ ಮಿತಿಯ ಪಟ್ಟಿ ಇಂದಿನ ಓದುಗನಿಗೆ ವಿಸ್ಮಯವನ್ನುಂಟುಮಾಡುವಷ್ಟು ವಿವರವಾಗಿದೆ. ಹಲ್ಲುಜ್ಜಲು ಹಸಿಯ ಜ್ಯೇಷ್ಠಮಧು, ತಲೆಗೆ ಕ್ಷೀರಾಮಲಕ, ಅಭ್ಯಂಗಕ್ಕೆ ಶತಪಾಕ ಮತ್ತು ಸಹಸ್ರಪಾಕದ ತೈಲ, ಉದ್ವರ್ತನಕ್ಕೆ ಒಂದು ಬಗೆಯ ಸುಗಂಧದ ಹಿಟ್ಟು, ಸ್ನಾನಕ್ಕೆ ಎಂಟು ಕೊಡ ನೀರು, ಲೇಪನಕ್ಕೆ ಅಗರು, ಕುಂಕುಮಕೇಸರಿ ಮತ್ತು ಚಂದನ, ಮುಡಿಯಲು ತಾವರೆ ಹಾಗೂ ಮಾಲತಿಯ ಮಾಲೆ. ಉಳಿದುದೆಲ್ಲವೂ ತ್ಯಾಜ್ಯ.

ಈ ಪಟ್ಟಿಯನ್ನು ಸಾಮಾನ್ಯವಾಗಿ ವ್ರತಾಚರಣೆಯ ದೃಷ್ಟಾಂತವಾಗಿ ಓದುವುದು ವಾಡಿಕೆ. ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಪ್ರಸಾಧನ ಸಾಮಗ್ರಿಗಳ ಆಯ್ಕೆಯನ್ನು ನೈತಿಕ ಪ್ರಶ್ನೆಯಾಗಿ ಪರಿಗಣಿಸಿದ ಭಾರತೀಯ ದಾಖಲೆಗಳಲ್ಲಿ ಇದೊಂದು ಮಹತ್ವದ ದಾಖಲೆ. ಸಾವಯವ, ಪರಿಸರಸ್ನೇಹಿ ಎಂಬ ವಿಶೇಷಣಗಳು ಇಂದು ಸಾಬೂನು, ತೈಲ, ಲೇಪನಗಳ ಹೊದಿಕೆಗಳ ಮೇಲೆ ಎದ್ದು ಕಾಣುತ್ತಿವೆ. ಅವುಗಳ ಹಿಂದಿರುವ ಪ್ರಶ್ನೆಯಾದರೋ ಹಳೆಯದು. ಸೌಂದರ್ಯದ ಬೆಲೆಯನ್ನು ತೆರುವವರು ಯಾರು ಎಂಬುದೇ ಆ ಪ್ರಶ್ನೆ.

ದಿಗಂಬರ ಪರಂಪರೆಯಲ್ಲಿ ಇದೇ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡವನು ಆಚಾರ್ಯ ಸಮಂತಭದ್ರ. ಅವನ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಪರಿಮಾಣವು ಮೂರು ಗುಣವ್ರತಗಳಲ್ಲೊಂದು. ಒಮ್ಮೆ ಬಳಸಿ ಬಿಡತಕ್ಕದ್ದು ಭೋಗ, ಮತ್ತೆ ಮತ್ತೆ ಬಳಸಬಹುದಾದದ್ದು ಉಪಭೋಗ ಎಂದು ವಿಭಾಗಿಸಿ, ಆಹಾರ, ವಾಹನ, ಶಯನಗಳೊಡನೆ ಸ್ನಾನ, ಅಂಗರಾಗ, ಪುಷ್ಪಗಳನ್ನೂ ಮಿತಿಗೊಳಪಡಿಸಬೇಕಾದ ವಸ್ತುಗಳ ಸಾಲಿನಲ್ಲಿ ಅವನು ಸೇರಿಸುತ್ತಾನೆ. ಆ ಮಿತಿ ಒಂದು ದಿನದ್ದಾಗಿರಬಹುದು, ಒಂದು ಪಕ್ಷದ್ದಾಗಿರಬಹುದು, ಒಂದು ಋತುವಿನದಾಗಿರಬಹುದು. ಇದಕ್ಕಿಂತ ಮುಖ್ಯವಾದುದು ಅವನು ಕೊಡುವ ಇನ್ನೊಂದು ಮಾನದಂಡ. ದೊರೆಯುವ ಫಲ ಸ್ವಲ್ಪವಾಗಿದ್ದು ಆಗುವ ಜೀವಹಾನಿ ಬಹಳವಾಗಿದ್ದರೆ ಅಂಥ ವಸ್ತುವನ್ನು ಬಿಡಬೇಕೆಂಬುದು ಆ ಮಾನದಂಡ. ಆ ಸಂದರ್ಭದಲ್ಲಿ ಅವನು ಹೆಸರಿಸುವ ವಸ್ತುಗಳಲ್ಲಿ ಕೇತಕಿಯೂ ಒಂದು. ಕನ್ನಡ ನಾಡಿನ ಹೆಂಗಳೆಯರ ಜಡೆಯನ್ನು ಶತಮಾನಗಳ ಕಾಲ ಅಲಂಕರಿಸಿದ ಕೇದಗೆಯದು ಮುಳ್ಳಿನ ಗರಿ, ಹೇರಳವಾದ ಪರಾಗ. ಅದರ ಒಳಪದರಗಳು ಸೂಕ್ಷ್ಮಜೀವಿಗಳಿಗೆ ಆಶ್ರಯ. ಹೂವೆಂಬ ಕಾರಣಕ್ಕೆ, ಪ್ರಕೃತಿದತ್ತವೆಂಬ ಕಾರಣಕ್ಕೆ ಅದು ಸಮಂತಭದ್ರನ ಪರೀಕ್ಷೆಯಿಂದ ಪಾರಾಗಲಿಲ್ಲ. ಸಹಜವಾದುದೆಲ್ಲವೂ ನಿರ್ದೋಷವಲ್ಲ ಎಂಬ ತಿಳಿವಳಿಕೆಯ ಬೀಜ ಇಲ್ಲಿದೆ.

ವ್ರತಿಯ ಮಿತವ್ಯಯಕ್ಕೆ ಎದುರಾಗಿ ಅರಮನೆಯ ಸಮೃದ್ಧಿಯ ಚಿತ್ರವೂ ಉಂಟು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆ ಒಂದು ಅಧ್ಯಾಯವೇ ಮೀಸಲು. ಹದಿನಾರು ದ್ರವ್ಯಗಳಿಂದ ನಾಲ್ಕನ್ನು ಆರಿಸಿಕೊಂಡರೆ 1820 ಬಗೆಯ ಸಂಯೋಗಗಳು ಸಾಧ್ಯವೆಂಬ ಲೆಕ್ಕ ಅಲ್ಲಿ ಬರುತ್ತದೆ. ಇಂಥ ಸಂಯೋಗಗಳ ಎಣಿಕೆಗೆ ಸಾಮಾನ್ಯಸೂತ್ರವನ್ನು ಕೊಟ್ಟವನು 9ನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ಕನ್ನಡ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ, ಸೂಪಶಾಸ್ತ್ರಗಳ ಜೊತೆಯಲ್ಲಿ ಸುಗಂಧದ್ರವ್ಯಗಳ ತಯಾರಿಕೆಯೂ ಲೋಕಕ್ಕೆ ಉಪಕಾರಕವಾದ ವಿದ್ಯೆಯೆಂಬ ಮನ್ನಣೆ ಪಡೆದಿದೆ. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ರಾಜನ ಉಪಭೋಗಗಳನ್ನು ವರ್ಣಿಸುವಾಗ ಸ್ನಾನವನ್ನೂ ವಿಲೇಪನವನ್ನೂ ಪ್ರತ್ಯೇಕ ಭೋಗಗಳೆಂದು ಎಣಿಸುತ್ತದೆ.

ಈ ಗ್ರಂಥಗಳಲ್ಲಿ ಬರುವ ದ್ರವ್ಯಗಳೆಲ್ಲವೂ ಇಂದಿನ ಪರಿಭಾಷೆಯಲ್ಲಿ ಸಹಜವಾದುವೇ. ಚಂದನ, ಅಗರು, ಕೇಸರಿ, ಕರ್ಪೂರ, ಕಸ್ತೂರಿ ಇವುಗಳಲ್ಲಿ ಕೃತಕವಾದುದು ಒಂದೂ ಇಲ್ಲ. ಆದರೆ ಅವು ಬಂದ ದಾರಿಯನ್ನು ಹಿಂಬಾಲಿಸಿದರೆ ಚಿತ್ರ ಬೇರೆಯಾಗುತ್ತದೆ. ಶಿಕಾರಿಪುರ ಪ್ರದೇಶದ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆ ಐನೂರ್ವರು ಮಾರುತ್ತಿದ್ದ ಸರಕುಗಳಲ್ಲಿ ಚಂದನ, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಹೆಸರಿಸುತ್ತದೆ. ಇದೇ ವಣಿಕ್ಸಂಘದ 1088ರ ತಮಿಳು ಶಾಸನ ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತಿದೆ. ಬಾರುಸ್ ಕರ್ಪೂರಕ್ಕೆ ಹೆಸರಾದ ರೇವು. ಅಲ್ಲಿಯ ಕರ್ಪೂರವು ಬೃಹದ್ವೃಕ್ಷಗಳ ಕಾಂಡದ ಬಿರುಕುಗಳಲ್ಲಿ ಹರಳುಗಟ್ಟುವ ದ್ರವ್ಯ. ಮರವನ್ನು ಉರುಳಿಸಿ ಸೀಳಿದ ಹೊರತು ಅದು ಕೈಗೆ ಸಿಕ್ಕುವುದಿಲ್ಲ. ಕಸ್ತೂರಿಯು ಹಿಮಾಲಯದ ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯ ಗ್ರಂಥಿಯಲ್ಲಿ ಉಂಟಾಗುತ್ತದೆ; ಸಾಂಪ್ರದಾಯಿಕವಾಗಿ ಅದು ದೊರೆಯುತ್ತಿದ್ದುದು ಪ್ರಾಣಿಯ ವಧೆಯಿಂದ. ಪುನುಗು ದೊರೆಯುತ್ತಿದ್ದುದು ಬೋನಿನಲ್ಲಿ ಕೂಡಿಹಾಕಿದ ಪುನುಗುಬೆಕ್ಕಿನ ಸ್ರಾವದಿಂದ. ಪಶ್ಚಿಮಘಟ್ಟದ ಮಲಬಾರ್ ಪುನುಗುಬೆಕ್ಕು ಇಂದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಹಳಗನ್ನಡ ಕಾವ್ಯಗಳ ನಾಯಕಿಯರ ಪಾದಗಳಿಗೆ ಕೆಂಪೇರಿಸಿದ ಅಲತಿಗೆಯು ಅರಗಿನ ಹುಳುಗಳ ರಕ್ತವರ್ಣ.

ಉಪಾಸಕದಶಾ ಶ್ರಾವಕನಿಗೆ ನಿಷೇಧಿಸುವ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯ, ಎಂದರೆ ಅರಗಿನ ವ್ಯಾಪಾರ, ಸೇರಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಕಾಡನ್ನು ಕಡಿದು ಮಾರುವ ವನಕರ್ಮವೂ ದಂತವಾಣಿಜ್ಯವೂ ಅದೇ ಪಟ್ಟಿಯಲ್ಲಿವೆ. ಬಳಸುವವನ ಮಿತಿಯ ಜೊತೆಗೆ ಒದಗಿಸುವವನ ವೃತ್ತಿಯೂ ವಿಚಾರಣೆಗೆ ಒಳಗಾಗಬೇಕೆಂಬ ಅರಿವು ಇಲ್ಲಿದೆ. ಅಲತಿಗೆಯ ಸಮಸ್ಯೆ ಅಂದಿಗೇ ಮುಗಿದದ್ದೂ ಅಲ್ಲ. ಇಂದಿನ ತುಟಿರಂಗುಗಳಲ್ಲಿ ಬಳಕೆಯಾಗುವ ಕಾರ್ಮೈನ್ ಎಂಬ ಕೆಂಪು ಕೊಚಿನೀಲ್ ಹುಳುಗಳಿಂದ ತೆಗೆದದ್ದು. ದ್ರವ್ಯಸೂಚಿಯಲ್ಲಿ ಅದು ಸಿ.ಐ. 75470 ಎಂಬ ಸಂಖ್ಯೆಯ ಮರೆಯಲ್ಲಿ ಇರುತ್ತದೆ. ಅದು ಸಹಜ ವರ್ಣವೇ ಹೌದು, ಆದರೆ ಅಹಿಂಸಕ ವರ್ಣವಲ್ಲ.

ಸಹಜದ ಅಪಾಯ ಪ್ರಾಣಿಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಇಂಗಲಿಕವು ಪಾದರಸದ ಖನಿಜ, ಹರಿತಾಳವು ಶಂಖಪಾಷಾಣದ ಖನಿಜ, ಸುರಮೆಯ ಪುಡಿಯಾಗಿ ಬಳಕೆಯಾದ ಗ್ಯಾಲೀನ ಸೀಸದ ಖನಿಜ. ಇವೆಲ್ಲವೂ ಭೂಮಿಯಿಂದಲೇ ಬಂದವು. ಹರಳೆಣ್ಣೆಯ ದೀಪದ ಮಸಿಯಿಂದ ಮಾಡಿದ ಮನೆಯ ಕಾಡಿಗೆಗೂ ಸೀಸದ ಅದಿರಿನ ಸುರಮೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಪ. ದೇಹದೊಳಗೆ ಅವು ಮಾಡುವ ಪರಿಣಾಮದ ವ್ಯತ್ಯಾಸ ಅಪಾರ.

ಕನ್ನಡ ನಾಡಿನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಮಾರ್ಮಿಕ ಅಧ್ಯಾಯ ಶ್ರೀಗಂಧದ್ದು. ಟಿಪ್ಪು ಸುಲ್ತಾನನು 1792ರಲ್ಲಿ ಗಂಧದ ಮರವನ್ನು ರಾಜವೃಕ್ಷವೆಂದು ಘೋಷಿಸಿದನು. ಮುಂದೆ ಒಡೆಯರ ಆಡಳಿತದಲ್ಲಿಯೂ ಗಂಧ ಸರಕಾರದ ಏಕಸ್ವಾಮ್ಯವಾಗಿಯೇ ಮುಂದುವರಿಯಿತು. ಮೊದಲನೆಯ ಮಹಾಯುದ್ಧದಿಂದ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ, ಹೋಗುತ್ತಿದ್ದ ಗಂಧದ ರಫ್ತು ನಿಂತುಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಗಂಧದೆಣ್ಣೆಯ ತಯಾರಿಕೆ ಸಂಸ್ಥಾನದಲ್ಲಿಯೇ ಆರಂಭವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳ ರಸಾಯನವಿದ್ಯೆಯ ಫಲವಾಗಿ ಆ ಎಣ್ಣೆ ಸಾಬೂನಿನ ರೂಪವನ್ನೂ ತಾಳಿತು. ಶರಭಲಾಂಛನದ ಆ ಸಾಬೂನು ಇಂದಿಗೂ ಕನ್ನಡಿಗರ ಹೆಮ್ಮೆ.

ಹೆಮ್ಮೆಯ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಗಂಧದ ಮರವು ನೆರೆಯ ಗಿಡಗಳ ಬೇರಿನಿಂದ ಸಾರವನ್ನು ಪಡೆಯುವ ಅರೆಪರಾವಲಂಬಿ. ಅದರ ಪರಿಮಳವಿರುವುದು ಒಳತಿರುಳಿನಲ್ಲಿ ಮತ್ತು ಬೇರಿನಲ್ಲಿ. ತಿರುಳು ಚೆನ್ನಾಗಿ ಬಲಿಯಲು ದಶಕಗಳು ಬೇಕು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲ್ಪಟ್ಟ ಸ್ಪೈಕ್ ರೋಗವು ಗಂಧದ ಕಾಡುಗಳನ್ನು ಬರಿದುಮಾಡಿತು. ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯೂ ಸರಕಾರದ್ದೇ ಎಂಬ ಕಾನೂನಿನಿಂದಾಗಿ ರೈತನಿಗೆ ಅದನ್ನು ಸಾಕಿ ಬೆಳೆಸುವ ಆಸೆ ಹುಟ್ಟಲಿಲ್ಲ. ಕಳ್ಳಸಾಗಣೆ ಉಳಿದುದನ್ನೂ ನುಂಗಿತು. 1998ರಲ್ಲಿ ಅಂತಾರಾಷ್ಟ್ರೀಯ ಕೆಂಪುಪಟ್ಟಿ ಶ್ರೀಗಂಧವನ್ನು ಅಪಾಯಕ್ಕೆ ಈಡಾದ ಪ್ರಭೇದವೆಂದು ಗುರುತಿಸಿತು. 2001ರ ತಿದ್ದುಪಡಿಯ ಮೂಲಕ ಕರ್ನಾಟಕವು ಭೂಮಿಯ ಒಡೆಯನಿಗೆ ತನ್ನ ಗಂಧದ ಮರದ ಒಡೆತನವನ್ನು ಕೊಟ್ಟಿತು. ಅಷ್ಟರಲ್ಲಿ ಆಸ್ಟ್ರೇಲಿಯಾ ಭಾರತೀಯ ಗಂಧದ ತೋಟಗಳನ್ನು ಎಬ್ಬಿಸಿತ್ತು. ಗಂಧದ ಗುಡಿಯೆಂದು ಹಾಡಿಸಿಕೊಂಡ ನಾಡಿನಲ್ಲಿ ಗಂಧ ಅಪರೂಪವಾದುದಕ್ಕೆ ಯಾವ ಕೃತಕ ರಸಾಯನವೂ ಕಾರಣವಲ್ಲ. ಸಹಜವಾದುದರ ಮೇಲಿನ ಮಿತಿಯಿಲ್ಲದ ಆಸೆಯೇ ಅದರ ಮುಖ್ಯ ಕಾರಣಗಳಲ್ಲೊಂದು.

ಹಾಗಾದರೆ ಕೃತಕವೇ ಪರಿಹಾರವೇ? ಕಸ್ತೂರಿಯ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ. 1888ರಲ್ಲಿ ಆಲ್ಬರ್ಟ್ ಬಾವರ್ ಎಂಬ ರಸಾಯನಜ್ಞನು ಸ್ಫೋಟಕಗಳ ಶೋಧದಲ್ಲಿ ತೊಡಗಿದ್ದಾಗ ಕಸ್ತೂರಿಯಂತೆ ಕಮ್ಮಗಿರುವ ನೈಟ್ರೋ ಸಂಯುಕ್ತವೊಂದನ್ನು ಆಕಸ್ಮಿಕವಾಗಿ ಪಡೆದನು. ಆ ಗುಂಪಿನ ಅಗ್ಗದ ಕೃತಕ ಕಸ್ತೂರಿಗಳು 20ನೆಯ ಶತಮಾನದ ಸಾಬೂನುಗಳಿಗೂ ಬಟ್ಟೆಯೊಗೆಯುವ ಪುಡಿಗಳಿಗೂ ಹಬ್ಬಿದವು. ಮೃಗವನ್ನು ಕೊಲ್ಲದೆ ಪರಿಮಳ ಪಡೆಯುವ ದಾರಿ ತೆರೆಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಸ್ತೂರಿಮೃಗಕ್ಕೆ ಮೊದಲನೆಯ ಅನುಸೂಚಿಯ ರಕ್ಷಣೆಯನ್ನು ನೀಡಿದೆ. ಆದರೆ ಕೃತಕ ಕಸ್ತೂರಿಗಳು ಬಚ್ಚಲ ನೀರಿನೊಡನೆ ಹರಿದು ನದಿಗಳನ್ನು ಸೇರಿ, ಕೊಳೆಯದೆ ಉಳಿದು, ಮೀನುಗಳ ಕೊಬ್ಬಿನಲ್ಲಿ ಸಂಗ್ರಹವಾಗುವುದು ಕಾಲಕ್ರಮದಲ್ಲಿ ತಿಳಿದುಬಂದಿತು. ಮಸ್ಕ್ ಅಂಬ್ರೆಟ್ ಎಂಬುದನ್ನು ಯೂರೋಪಿನ ಒಕ್ಕೂಟವು ಪ್ರಸಾಧನಗಳಲ್ಲಿ ನಿಷೇಧಿಸಿತು. ಮಸ್ಕ್ ಜೈಲೀನನ್ನು ಅತ್ಯಂತ ಕಳವಳಕಾರಿ ವಸ್ತುಗಳ ಪಟ್ಟಿಗೆ ಸೇರಿಸಿತು. ಒಂದು ಹಿಂಸೆ ಕಾಡಿನಿಂದ ಹೊಳೆಗೆ ವರ್ಗವಾಗಿತ್ತು.

ಅಂಟುವಾಳ, ಸೀಗೆ, ಕಡಲೆಹಿಟ್ಟು, ಅರಿಸಿನ, ಮಲೆನಾಡಿನ ಮತ್ತಿಸೊಪ್ಪು ಮತ್ತು ದಾಸವಾಳದ ಎಲೆಯ ಗೊಂಪು ಇವು ಅರಮನೆಯ ಗಂಧಯುಕ್ತಿಗಿಂತ ಭಿನ್ನವಾದ ಜನಸಾಮಾನ್ಯರ ಪರಂಪರೆಯನ್ನು ಪ್ರತಿನಿಧಿಸುತ್ತವೆ. ಇವು ಹಿತ್ತಿಲಿನಲ್ಲೋ ಹತ್ತಿರದ ಕಾಡಿನಲ್ಲೋ ದೊರೆಯುವಂಥವು. ಕಾಯಿ, ಎಲೆಗಳನ್ನು ಕೊಯ್ದರೂ ಮರ ಉಳಿಯುತ್ತದೆ; ಮರುವರ್ಷ ಮತ್ತೆ ಕೊಡುತ್ತದೆ. ಬಳಸಿದ ಮೇಲೆ ಉಳಿಯುವುದು ಮಣ್ಣಿನಲ್ಲಿ ಬೆರೆಯುವ ಚರಟ ಮಾತ್ರ. ಆದರೆ ಇವನ್ನೂ ಆದರ್ಶೀಕರಿಸುವಂತಿಲ್ಲ. ಅಂಟುವಾಳದ ನೊರೆಗೆ ಕಾರಣವಾದ ಸ್ಯಾಪೋನಿನ್ ಮೀನುಗಳಿಗೆ ವಿಷ. ಬಾವಿಕಟ್ಟೆಯ ಬಚ್ಚಲಿಗೂ ಊರಕೆರೆಗೂ ಇರುವ ಅಂತರ ಇಲ್ಲಿಯೂ ಗಣನೀಯ.

ಆಧುನಿಕ ಕಾಲದಲ್ಲಿ ಮಿತಿಯನ್ನು ಸೂಚಿಸುವ ಹೊಣೆಯನ್ನು ವ್ರತಕ್ಕೆ ಬದಲಾಗಿ ಮುದ್ರೆಗಳು ಹೊತ್ತಿವೆ. ಭಾರತ ಸರಕಾರವು 1991ರಲ್ಲಿ ಇಕೋಮಾರ್ಕ್ ಯೋಜನೆಯನ್ನು ಜಾರಿಗೆ ತಂದು ಸಾಬೂನು, ಪ್ರಸಾಧನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದರ ಚಿಹ್ನೆಯಾಗಿ ಆಯ್ಕೆಯಾದುದು ಮಣ್ಣಿನ ಮಡಕೆ. 2014ರಲ್ಲಿ ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಭಾರತದಲ್ಲಿ ನಿಷಿದ್ಧವಾಯಿತು. ಹಾಗೆ ಪರೀಕ್ಷಿಸಿದವುಗಳ ಆಮದೂ ಅದೇ ವರ್ಷ ನಿಂತಿತು. ಈ ಮುದ್ರೆಗಳಿಗೂ ನಿಯಮಗಳಿಗೂ ಬೆಲೆಯುಂಟು. ಆದರೆ ಒಂದೊಂದು ಮುದ್ರೆಯೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಸಾವಯವವೆಂಬುದು ಬೆಳೆಯನ್ನು ಬೆಳೆದ ರೀತಿಯನ್ನು ಹೇಳುತ್ತದೆ, ಕಾಡನ್ನು ಉಳಿಸಿದ್ದನ್ನಲ್ಲ. ಪ್ರಾಣಿಪರೀಕ್ಷೆಯಿಲ್ಲ ಎಂಬುದು ಪ್ರಯೋಗಾಲಯದ ಮಾತು, ಒಳಗಿರುವ ಕಾರ್ಮೈನ್‌ನದಲ್ಲ. ತಾಳೆಯೆಣ್ಣೆಯ ಸಾಬೂನು ಸಸ್ಯಜನ್ಯವಾಗಿದ್ದೂ ಆಗ್ನೇಯ ಏಷ್ಯಾದ ಮಳೆಕಾಡಿನ ನಾಶದಲ್ಲಿ ಪಾಲುದಾರನಾಗಿರಬಹುದು.

ಆದ್ದರಿಂದ ಸಹಜ ಮತ್ತು ಕೃತಕ ಎಂಬ ಇಬ್ಭಾಗ ಆಯ್ಕೆಗೆ ಸಾಕಾಗುವ ಅಳತೆಗೋಲಲ್ಲ. ಚರಿತ್ರೆ ಸೂಚಿಸುವ ಅಳತೆಗೋಲುಗಳು ಮೂರು. ವಸ್ತುವಿನ ಮೂಲದಲ್ಲಿ ಯಾವ ಜೀವಕ್ಕೆ, ಯಾವ ಕಾಡಿಗೆ ಘಾತವಾಗಿದೆ ಎಂಬುದು ಮೊದಲನೆಯದು. ಮೈಯಿಂದ ತೊಳೆದುಹೋದ ಮೇಲೆ ಅದು ಯಾವ ನೀರನ್ನು ಸೇರಿ ಏನಾಗುತ್ತದೆ ಎಂಬುದು ಎರಡನೆಯದು. ಅದು ಎಷ್ಟು ಬೇಕು ಎಂಬುದು ಮೂರನೆಯದು. ಮೊದಲೆರಡನ್ನು ಇಂದಿನ ವಿಜ್ಞಾನವೂ ಕಾನೂನೂ ಒಂದಿಷ್ಟು ಮಟ್ಟಿಗೆ ವಿಚಾರಿಸುತ್ತಿವೆ. ಮೂರನೆಯದನ್ನು ಯಾವ ಮುದ್ರೆಯೂ ವಿಚಾರಿಸುವುದಿಲ್ಲ. ಮಾರುವವನು ಅದನ್ನು ಕೇಳಲಾರ.

ವಾಣಿಜ್ಯಗ್ರಾಮದ ಗೃಹಪತಿ ತನ್ನನ್ನು ತಾನು ಕೇಳಿಕೊಂಡದ್ದು ಆ ಮೂರನೆಯ ಪ್ರಶ್ನೆಯನ್ನೇ. ಅವನಿಗೆ ನೂರು ಬಗೆಯ ಲೇಪನಗಳನ್ನು ಕೊಳ್ಳುವ ಶಕ್ತಿಯಿತ್ತು; ಅವನು ಮೂರನ್ನು ಇಟ್ಟುಕೊಂಡನು. ಅವುಗಳಲ್ಲಿ ಕಸ್ತೂರಿ ಇರಲಿಲ್ಲ. ಸ್ನಾನದ ನೀರನ್ನೂ ಅವನು ಕೊಡಗಳಲ್ಲಿ ಎಣಿಸಿದನು.