ಅಮೆರಿಕದ ಶಾಲೆಗಳ ದೈಹಿಕ ಕ್ಷಮತಾ ಪರೀಕ್ಷೆ

ಅಮೆರಿಕದ ಶಾಲಾಮಕ್ಕಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಎದುರಿಸಿದ ದೈಹಿಕ ಕ್ಷಮತಾ ಪರೀಕ್ಷೆಯ ಬೇರು ನ್ಯೂಯಾರ್ಕಿನ ಬೆನ್ನುನೋವಿನ ಚಿಕಿತ್ಸಾಲಯವೊಂದರಲ್ಲಿದೆ. ವೈದ್ಯ ಹಾನ್ಸ್ ಕ್ರಾಸ್ ಮತ್ತು ಸೋನ್ಯಾ ವೆಬರ್ ರೋಗಿಗಳ ಹೊಟ್ಟೆ, ಬೆನ್ನು ಹಾಗೂ ತೊಡೆಯ ಸ್ನಾಯುಗಳ ಕನಿಷ್ಠ ಬಲವನ್ನು ತಿಳಿಯಲು ಆರು ಸರಳ ಪರೀಕ್ಷೆಗಳನ್ನು ರೂಪಿಸಿದ್ದರು. ಮೊಣಕಾಲು ಮಡಚದೆ ಬಾಗಿ ನೆಲ ಮುಟ್ಟುವುದು ಅವುಗಳಲ್ಲೊಂದು. ಕ್ರಾಸ್ ಮತ್ತು ಅವರ ಸಹೋದ್ಯೋಗಿಗಳು ಇದೇ ಪರೀಕ್ಷೆಯನ್ನು ಅಮೆರಿಕದ ಮಕ್ಕಳಿಗೂ ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡಿನ ಮಕ್ಕಳಿಗೂ ಒಡ್ಡಿದರು. 1953–54ರಲ್ಲಿ ಪ್ರಕಟವಾದ ಫಲಿತಾಂಶ ದೇಶವನ್ನು ಬೆಚ್ಚಿಬೀಳಿಸಿತು. ಅಮೆರಿಕದ ಮಕ್ಕಳಲ್ಲಿ ಶೇ. 57.9ರಷ್ಟು ಜನ ಕನಿಷ್ಠ ಒಂದು ಪರೀಕ್ಷೆಯಲ್ಲಾದರೂ ಸೋತಿದ್ದರು. ಯುರೋಪಿನಲ್ಲಿ ಸೋತವರು ಶೇ. 8.7 ಮಾತ್ರ. ಕಾರು, ಶಾಲಾ ಬಸ್ಸು, ಲಿಫ್ಟುಗಳ ಸುಖಜೀವನವೇ ಇದಕ್ಕೆ ಕಾರಣವೆಂದು ಕ್ರಾಸ್ ವಾದಿಸಿದರು.

ಅದು ಶೀತಲ ಸಮರದ ಕಾಲ. ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧಗಳಲ್ಲಿ ಅನೇಕ ಯುವಕರು ಸೈನ್ಯಕ್ಕೆ ಅನರ್ಹರಾಗಿದ್ದ ನೆನಪು ಇನ್ನೂ ಹಸಿಯಾಗಿತ್ತು. ಹೀಗಾಗಿ ಮಕ್ಕಳ ಸ್ನಾಯುಬಲ ರಾಷ್ಟ್ರರಕ್ಷಣೆಯ ಪ್ರಶ್ನೆಯಾಯಿತು. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಯುವಜನರ ಕ್ಷಮತೆಗಾಗಿ ಅಧ್ಯಕ್ಷೀಯ ಮಂಡಳಿಯನ್ನು ನೇಮಿಸಿದರು. ಸ್ವಲ್ಪ ಕಾಲದಲ್ಲೇ ರಾಷ್ಟ್ರೀಯ ಪರೀಕ್ಷೆಯೂ ಸಿದ್ಧವಾಯಿತು. ಪುಲ್‌ಅಪ್, ಸಿಟ್‌ಅಪ್, ಅತ್ತಿಂದಿತ್ತ ಓಟ, ನಿಂತಲ್ಲಿಂದ ಉದ್ದಜಿಗಿತ, 50 ಗಜದ ಓಟ, ಚೆಂಡೆಸೆತ, 600 ಗಜದ ಓಟ-ನಡಿಗೆ ಅದರ ಅಂಗಗಳಾಗಿದ್ದವು. 1960ರ ಡಿಸೆಂಬರಿನಲ್ಲಿ, ಅಧಿಕಾರ ವಹಿಸಿಕೊಳ್ಳುವ ಮುನ್ನವೇ, ಜಾನ್ ಎಫ್. ಕೆನಡಿ ಅಮೆರಿಕನ್ನರು ಮೆದುವಾಗುತ್ತಿದ್ದಾರೆಂದು ಎಚ್ಚರಿಸಿ ಕ್ರೀಡಾಪತ್ರಿಕೆಯೊಂದಕ್ಕೆ ಲೇಖನ ಬರೆದರು. 1966ರಲ್ಲಿ ಲಿಂಡನ್ ಜಾನ್ಸನ್ ಕಾಲದಲ್ಲಿ ಅಧ್ಯಕ್ಷೀಯ ಪ್ರಶಸ್ತಿ ಜಾರಿಗೆ ಬಂತು. ಪ್ರತಿ ಅಂಗದಲ್ಲೂ ತಮ್ಮ ವಯಸ್ಸಿನ ಶೇ. 85ರಷ್ಟು ಮಕ್ಕಳನ್ನು ಮೀರಿಸಿದವರಿಗಷ್ಟೇ ಅದು ದಕ್ಕುತ್ತಿತ್ತು.

ಈ ವ್ಯವಸ್ಥೆಯ ದೊಡ್ಡ ಕೊರತೆ ಅಲ್ಲಿಯೇ ಇತ್ತು. ಆಗಲೇ ಚುರುಕಾಗಿದ್ದ ಮಗುವಿಗೆ ಪ್ರಶಸ್ತಿ ಸಿಗುತ್ತಿತ್ತು. ವ್ಯಾಯಾಮ ಯಾರಿಗೆ ಹೆಚ್ಚು ಬೇಕಿತ್ತೋ ಆ ಮಗು ಸಹಪಾಠಿಗಳ ಎದುರು ಕಂಬಿಗೆ ಜೋತುಬಿದ್ದು ಸೋಲುತ್ತಿತ್ತು. ಮಗು ಉಳಿದ ದಿನಗಳಲ್ಲಿ ಎಷ್ಟು ಓಡಾಡಿತು, ಎಷ್ಟು ಹೊತ್ತು ಕೂತಿತ್ತು ಎಂಬ ಲೆಕ್ಕ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಅಳತೆಯ ದಿಕ್ಕು ಬದಲಿಸಿದ್ದು ಹೃದ್ರೋಗದ ಕುರಿತ ತಿಳಿವಳಿಕೆ. 1980ರಲ್ಲಿ ದೈಹಿಕ ಶಿಕ್ಷಕರ ರಾಷ್ಟ್ರೀಯ ಸಂಘಟನೆ ಆರೋಗ್ಯಕ್ಕೆ ಸಂಬಂಧಿಸಿದ ಹೊಸ ಪರೀಕ್ಷೆಯನ್ನು ತಂದಿತು. ಅದರಲ್ಲಿ ದೂರದ ಓಟದ ಜೊತೆಗೆ, ತೋಳಿನ ಹಿಂಬದಿ ಮತ್ತು ಹೆಗಲ ಮೂಳೆಯ ಕೆಳಗಿನ ಚರ್ಮದ ಮಡಿಕೆಯನ್ನು ಕ್ಯಾಲಿಪರಿನಿಂದ ಅಳೆದು ದೇಹದ ಕೊಬ್ಬನ್ನು ಅಂದಾಜಿಸಲಾಗುತ್ತಿತ್ತು. 1982ರಲ್ಲಿ ಡಲ್ಲಾಸಿನ ಕೂಪರ್ ಸಂಸ್ಥೆ ಫಿಟ್‌ನೆಸ್‌ಗ್ರಾಂ ಎಂಬ ವರದಿಪಟ್ಟಿಯನ್ನು ಆರಂಭಿಸಿತು. ಮುಂದೆ ಅದು ಮಕ್ಕಳನ್ನು ಪರಸ್ಪರ ಹೋಲಿಸುವ ಬದಲು ಆರೋಗ್ಯಕ್ಕೆ ಸಾಕಾಗುವ ಮಟ್ಟವನ್ನೇ ಗುರಿಯಾಗಿರಿಸಿಕೊಂಡಿತು.

ಅಷ್ಟರಲ್ಲಿ ಬೊಜ್ಜು ಹರಡತೊಡಗಿತ್ತು. 1970ರ ದಶಕದ ಆರಂಭದಲ್ಲಿ 6ರಿಂದ 11 ವರ್ಷದ ಮಕ್ಕಳಲ್ಲಿ ಸುಮಾರು ಶೇ. 4ರಷ್ಟಿದ್ದ ಬೊಜ್ಜು ಶತಮಾನದ ತಿರುವಿಗೆ ಶೇ. 15ನ್ನು ಮುಟ್ಟಿತು. ಆಹಾರದ ಬದಲಾವಣೆಗೂ ಇದರಲ್ಲಿ ದೊಡ್ಡ ಪಾಲಿತ್ತು. ಕೂತು ಕಳೆಯುವ ಹೊತ್ತಿನ ಪಾಲೂ ಬೆಳಕಿಗೆ ಬಂತು. 1985ರಲ್ಲಿ ವಿಲಿಯಂ ಡೀಟ್ಸ್ ಮತ್ತು ಸ್ಟೀವನ್ ಗೋರ್ಟ್‌ಮೇಕರ್, ಟಿ.ವಿ. ನೋಡುವ ಅವಧಿ ಹೆಚ್ಚಿದಂತೆ ಮಕ್ಕಳಲ್ಲಿ ಬೊಜ್ಜೂ ಹೆಚ್ಚಿರುವುದನ್ನು ತೋರಿಸಿದರು. ಸೊಂಟಕ್ಕೆ ಕಟ್ಟುವ ಚಲನಮಾಪಕಗಳು ಬಂದ ಮೇಲೆ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. 2003–04ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದಿನಕ್ಕೆ 60 ನಿಮಿಷ ಚಟುವಟಿಕೆಯ ಗುರಿ ತಲುಪಿದವರು 6ರಿಂದ 11ರ ವಯಸ್ಸಿನವರಲ್ಲಿ ಸುಮಾರು ಶೇ. 42, ಹದಿಹರೆಯದವರಲ್ಲಿ ಕೇವಲ ಶೇ. 8. ಮಗು ಬೆಳೆದಂತೆ ಆಟ ಎಷ್ಟು ಬೇಗ ಕೈತಪ್ಪುತ್ತದೆಂಬುದು ಈ ಎರಡು ಅಂಕಿಗಳಲ್ಲೇ ಕಾಣುತ್ತದೆ.

2012–13ರ ಶಾಲಾವರ್ಷದ ಬಳಿಕ ಹಳೆಯ ಅಧ್ಯಕ್ಷೀಯ ಪರೀಕ್ಷೆಯನ್ನು ಕೈಬಿಟ್ಟು, ಫಿಟ್‌ನೆಸ್‌ಗ್ರಾಂ ಆಧಾರಿತ ಕಾರ್ಯಕ್ರಮವನ್ನು ಜಾರಿಗೊಳಿಸಲಾಯಿತು. 2025ರ ಜುಲೈನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹಳೆಯ ಪರೀಕ್ಷೆಯನ್ನು ಮರಳಿ ತರುವ ಆದೇಶಕ್ಕೆ ಸಹಿ ಹಾಕಿದರು. ಮೊದಲು ಸೈನಿಕನ ಬಲ, ಆಮೇಲೆ ಹೃದಯದ ಆರೋಗ್ಯ, ಕೊನೆಗೆ ಕೊಬ್ಬು ಮತ್ತು ಕೂತ ಹೊತ್ತು: ಹಿರಿಯರ ಆತಂಕ ಬದಲಾದಂತೆಲ್ಲ ಮಕ್ಕಳನ್ನು ಅಳೆಯುವ ಕೋಲೂ ಬದಲಾಗಿದೆ. ಆದರೆ ವರ್ಷಕ್ಕೊಮ್ಮೆ ನಡೆಯುವ ಯಾವ ಅಳತೆಯೂ ದಿನನಿತ್ಯದ ಆಟದ ಅವಧಿಗೆ ಬದಲಿಯಾಗಲಾರದು.