ಸದ್ದಿಲ್ಲದ ವಾಹನ, ಕೇಳಿಸಬೇಕಾದ ಕಿವಿ: ಎಲೆಕ್ಟ್ರಿಕ್ ವಾಹನಗಳ ಎಚ್ಚರಿಕೆಯ ಸದ್ದು ಮತ್ತು ಪಾದಚಾರಿಯ ಸುರಕ್ಷತೆ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 2025ರ ಸೆಪ್ಟೆಂಬರಿನಲ್ಲಿ ಒಂದು ಕರಡು ಅಧಿಸೂಚನೆ ಹೊರಡಿಸಿತು. ಅದರಂತೆ 2026ರ ಅಕ್ಟೋಬರ್ 1ರಿಂದ ಹೊಸದಾಗಿ ಬರುವ ಎಲೆಕ್ಟ್ರಿಕ್ ಕಾರು, ಬಸ್ಸು, ಲಾರಿಗಳ ಮಾದರಿಗಳಲ್ಲಿ ಎಐಎಸ್-173 ಮಾನಕಕ್ಕೆ ಹೊಂದುವ ಎಚ್ಚರಿಕೆಯ ಸದ್ದು ಇರಲೇಬೇಕು. ಈಗಾಗಲೇ ತಯಾರಾಗುತ್ತಿರುವ ಮಾದರಿಗಳಿಗೆ 2027ರ ಅಕ್ಟೋಬರ್ 1ರ ಗಡುವು. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳು ಈ ಕರಡಿನ ವ್ಯಾಪ್ತಿಗೆ ಬರುವುದಿಲ್ಲ. ಮಾನಕದ ತಾಂತ್ರಿಕ ಅಂಶಗಳು ವಿಶ್ವಸಂಸ್ಥೆಯ 138ನೇ ನಿಯಮದ ಜಾಡಿನಲ್ಲೇ ರೂಪುಗೊಂಡಿವೆ.

ಇಂಥ ಸದ್ದು ಬೇಕೇ ಬೇಡವೇ ಎಂಬ ಚರ್ಚೆ ಎರಡು ದಶಕಗಳಲ್ಲಿ ಬಹುಮಟ್ಟಿಗೆ ಮುಗಿದಿದೆ. ಎಷ್ಟು ಸದ್ದು, ಯಾವ ಬಗೆಯದು, ಯಾವ ಹೊತ್ತಿನಲ್ಲಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಸದ್ದುಗದ್ದಲವಿಲ್ಲದ ಪರೀಕ್ಷಾ ಪಥದಲ್ಲಿ ಅಳೆದು ಗೊತ್ತುಮಾಡಿದ ಮಟ್ಟ ಭಾರತದ ಬೀದಿಯಲ್ಲಿ ಸಾಲದೆ ಹೋಗುತ್ತದೆ, ಆ ಕೊರತೆಯನ್ನು ಮೊದಲು ಅನುಭವಿಸುವವರು ಅಂಧ ಪಾದಚಾರಿಗಳು ಎಂದು ಈ ಲೇಖನ ವಾದಿಸುತ್ತದೆ. ಹಾಗಾಗಿ ಮಾನಕದ ಅಳತೆಗೋಲು ಅವರ ಕಿವಿಯೇ ಆಗಬೇಕು.

ಅಪಾಯದ ಪುರಾವೆ

ಚಲಿಸುವ ಕಾರಿನ ಸದ್ದಿಗೆ ಮುಖ್ಯವಾಗಿ ಎರಡು ಮೂಲಗಳಿವೆ: ಎಂಜಿನ್, ಮತ್ತು ರಸ್ತೆಯ ಮೇಲೆ ಉರುಳುವ ಟೈರು. ವೇಗ ಏರಿದಂತೆ ಟೈರಿನ ಸದ್ದು ಮೇಲುಗೈ ಸಾಧಿಸುತ್ತದೆ. ಗಂಟೆಗೆ ಸುಮಾರು 30 ಕಿಲೋಮೀಟರ್ ದಾಟಿದ ಮೇಲೆ ಪೆಟ್ರೋಲ್ ಕಾರಿಗೂ ಎಲೆಕ್ಟ್ರಿಕ್ ಕಾರಿಗೂ ಕಿವಿಗೆ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಅಪಾಯವಿರುವುದು ಅದಕ್ಕಿಂತ ಕೆಳಗೆ: ಕಾರು ಗೇಟಿನಿಂದ ಹೊರಬರುವಾಗ, ಹಿಂದಕ್ಕೆ ಸರಿಯುವಾಗ, ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ. ಪಾದಚಾರಿ ಕಾರಿಗೆ ಅತಿ ಹತ್ತಿರವಿರುವ ಹೊತ್ತುಗಳೂ ಇವೇ.

ಮೊದಲ ದೊಡ್ಡ ಅಂಕಿಅಂಶ ಅಮೆರಿಕದಿಂದ ಬಂತು. ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ 2009ರಲ್ಲಿ 12 ರಾಜ್ಯಗಳ ಅಪಘಾತದ ದಾಖಲೆಗಳನ್ನು ಪರಿಶೀಲಿಸಿತು. ಅಪಘಾತಕ್ಕೊಳಗಾದ 8,387 ಹೈಬ್ರಿಡ್ ಕಾರುಗಳಲ್ಲಿ ಪಾದಚಾರಿಗೆ ಡಿಕ್ಕಿ ಹೊಡೆದವುಗಳ ಪಾಲು ಶೇ 0.9, ಸಾಮಾನ್ಯ ಕಾರುಗಳಲ್ಲಿ ಅದು ಶೇ 0.6. ನಿಧಾನಿಸುವುದು, ನಿಲ್ಲುವುದು, ಹಿಂದಕ್ಕೆ ಚಲಿಸುವುದು, ಪಾರ್ಕಿಂಗ್ ಜಾಗಕ್ಕೆ ಬರುವುದು ಮತ್ತು ಅಲ್ಲಿಂದ ಹೊರಡುವುದು, ಇಂಥ ಸಂದರ್ಭಗಳನ್ನಷ್ಟೇ ತೆಗೆದುಕೊಂಡರೆ ಹೈಬ್ರಿಡ್‌ನ ಅಪಾಯ ಎರಡುಪಟ್ಟಾಗುತ್ತಿತ್ತು. 2011ರಲ್ಲಿ 16 ರಾಜ್ಯಗಳ ಮಾಹಿತಿಯೊಂದಿಗೆ ಮತ್ತೆ ಲೆಕ್ಕ ಹಾಕಿದಾಗ ಪಾದಚಾರಿಗಳ ವಿಷಯದಲ್ಲಿ ಹೈಬ್ರಿಡ್‌ನ ಸಾಪೇಕ್ಷ ಅಪಾಯ 1.35, ಸೈಕಲ್ ಸವಾರರ ವಿಷಯದಲ್ಲಿ 1.57 ಎಂದು ಕಂಡುಬಂತು.

ಬ್ರಿಟನ್ನಿನ 2013ರಿಂದ 2017ರವರೆಗಿನ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಓಡಿದ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. 10 ಕೋಟಿ ಮೈಲಿಗೆ ಗಾಯಗೊಂಡ ಪಾದಚಾರಿಗಳ ಸಂಖ್ಯೆ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಿಗೆ 5.16, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ 2.40. ಈ ಅಂತರ ಎದ್ದು ಕಂಡದ್ದು ನಗರಗಳಲ್ಲಿ. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು: ಹೈಬ್ರಿಡ್ ಕೊಳ್ಳುವವರು ಹೆಚ್ಚಾಗಿ ನಗರವಾಸಿಗಳು, ಅವರು ಓಡಾಡುವಲ್ಲೇ ಪಾದಚಾರಿಗಳೂ ಹೆಚ್ಚು, ಸುಮಾರು ಕಾಲು ಭಾಗದಷ್ಟು ಗಾಯಾಳುಗಳ ಪ್ರಕರಣಗಳಲ್ಲಿ ಡಿಕ್ಕಿ ಹೊಡೆದ ಕಾರು ಯಾವ ಬಗೆಯದೆಂಬ ಮಾಹಿತಿಯೇ ಇರಲಿಲ್ಲ. ಇಡೀ ವ್ಯತ್ಯಾಸವನ್ನು ನಿಶ್ಶಬ್ದದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ನಿಧಾನಗತಿಯಲ್ಲಿ ಹೆಚ್ಚುವ ಅಪಾಯವನ್ನು ಸದ್ದಿನ ಭೌತಶಾಸ್ತ್ರ ಮೊದಲೇ ಸೂಚಿಸಿತ್ತು, ಅಪಘಾತದ ದಾಖಲೆ ಅದನ್ನೇ ತೋರಿಸಿತು. ಎರಡೂ ಒಂದೇ ಕಡೆಗೆ ಬೆರಳು ಮಾಡುವಾಗ ಸಂಶಯಕ್ಕೆ ಉಳಿಯುವ ಜಾಗ ಕಡಿಮೆ.

ಪ್ರಯೋಗಾಲಯದ ಸಾಕ್ಷ್ಯವೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಮನಶ್ಶಾಸ್ತ್ರಜ್ಞ ಲಾರೆನ್ಸ್ ರೋಸೆನ್‌ಬ್ಲಮ್ 2008ರ ಸುಮಾರಿಗೆ ಗಂಟೆಗೆ 5 ಮೈಲಿ ವೇಗದಲ್ಲಿ ಬರುವ ಕಾರುಗಳ ಸದ್ದನ್ನು ಮುದ್ರಿಸಿ ಕೇಳುಗರಿಗೆ ಕೇಳಿಸಿದರು. ಎಂಜಿನ್ ಕಾರು ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಅವರು ಅದು 28 ಅಡಿ ದೂರದಲ್ಲಿರುವಾಗಲೇ ಹೇಳಿದರು. ವಿದ್ಯುತ್ತಿನಲ್ಲಿ ಓಡುವ ಹೈಬ್ರಿಡ್ ಗೊತ್ತಾದದ್ದು 7 ಅಡಿ ಹತ್ತಿರಕ್ಕೆ ಬಂದಾಗ. ಹಿನ್ನೆಲೆಯಲ್ಲಿ ನಿಂತ ಕಾರುಗಳ ಎಂಜಿನ್ ಸದ್ದನ್ನು ಸೇರಿಸಿದಾಗ ಪರಿಸ್ಥಿತಿ ಇನ್ನೂ ಕೆಟ್ಟಿತು. ಈ ಕೊನೆಯ ಅಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅಂಧರ ಹೋರಾಟ, ತಡವಾದ ಕಾನೂನು

ಸಂಖ್ಯೆಗಳು ಬರುವ ಮೊದಲೇ ಅಪಾಯವನ್ನು ಗುರುತಿಸಿದವರು ಅದನ್ನು ರಸ್ತೆಯಲ್ಲಿ ಎದುರಿಸಿದವರು. ಅಮೆರಿಕದ ನ್ಯಾಷನಲ್ ಫೆಡರೇಶನ್ ಆಫ್ ದಿ ಬ್ಲೈಂಡ್ 2003ರಿಂದಲೇ ಈ ವಿಷಯ ಎತ್ತಿತ್ತು. ಬಿಳಿ ಕೋಲು ಹಿಡಿದು ರಸ್ತೆ ದಾಟುವವರಿಗೆ ವಾಹನಗಳ ಸದ್ದು ಬರಿಯ ಎಚ್ಚರಿಕೆಯಲ್ಲ, ಅದರಿಂದಲೇ ಅವರು ದಾರಿ ತಿಳಿಯುತ್ತಾರೆ. ತಮ್ಮ ಪಕ್ಕದ ರಸ್ತೆಯಲ್ಲಿ ನಿಂತಿದ್ದ ವಾಹನಗಳು ಒಮ್ಮೆಲೇ ಹೊರಟ ಸದ್ದು ಕೇಳಿದರೆ ಸಿಗ್ನಲ್ ಬದಲಾಗಿದೆ, ಈಗ ದಾಟಬಹುದು ಎಂದು ಅರ್ಥ. ಆ ಸಾಲಿನ ಸದ್ದು ಒಂದೇ ಪಕ್ಕಕ್ಕೆ ಸಮಾನಾಂತರವಾಗಿ ಉಳಿದರೆ ತಾವು ನೇರವಾಗಿ ನಡೆಯುತ್ತಿದ್ದೇವೆ ಎಂದು ತಿಳಿಯುತ್ತದೆ. ಎದುರಿನಲ್ಲಿ ನಿಂತ ವಾಹನಗಳ ಗುರುಗುಟ್ಟುವಿಕೆಯಿಂದ ರಸ್ತೆಯ ಅಂಚು ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ. ವರ್ಷಗಳ ಅಭ್ಯಾಸದಿಂದ ಬಂದ ಈ ಕೌಶಲ ಸದ್ದಿಲ್ಲದ ವಾಹನದ ಮುಂದೆ ನಿರುಪಯುಕ್ತವಾಗುತ್ತದೆ. ಒಬ್ಬರ ಸ್ವತಂತ್ರ ಓಡಾಟವನ್ನೇ ಇದು ಕಿತ್ತುಕೊಳ್ಳುತ್ತದೆ. ಈ ನಷ್ಟ ಅಪಘಾತದ ಯಾವ ಪಟ್ಟಿಯಲ್ಲೂ ದಾಖಲಾಗುವುದಿಲ್ಲ. ಹೆದರಿ ಮನೆಯಲ್ಲೇ ಉಳಿದವರನ್ನು ಯಾರೂ ಎಣಿಸುವುದಿಲ್ಲ.

ಜಪಾನ್ 2010ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಅಮೆರಿಕದ ಪಾದಚಾರಿ ಸುರಕ್ಷತಾ ವರ್ಧನೆ ಕಾಯಿದೆಗೆ ಅಧ್ಯಕ್ಷ ಒಬಾಮ 2011ರ ಜನವರಿ 4ರಂದು ಸಹಿ ಹಾಕಿದರು. ಆದರೆ ಅದರಡಿ ಅಂತಿಮ ನಿಯಮ ಬಂದದ್ದು 2016ರ ಡಿಸೆಂಬರಿನಲ್ಲಿ, ಪೂರ್ಣವಾಗಿ ಜಾರಿಗೆ ಬಂದದ್ದು 2021ರಲ್ಲಿ. ಕಾಯಿದೆಯಿಂದ ಜಾರಿಯವರೆಗೆ ಹತ್ತು ವರ್ಷ. ಯುರೋಪಿನ ಒಕ್ಕೂಟ 540/2014ನೇ ನಿಯಂತ್ರಣದ ಮೂಲಕ 2019ರ ಜುಲೈ 1ರಿಂದ ಹೊಸ ಮಾದರಿಗಳಿಗೆ, 2021ರ ಜುಲೈ 1ರಿಂದ ಎಲ್ಲ ಹೊಸ ಕಾರುಗಳಿಗೆ ಸದ್ದನ್ನು ಕಡ್ಡಾಯ ಮಾಡಿತು. ಭಾರತದಲ್ಲಾದರೋ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ರೇವಾ ರಸ್ತೆಗಿಳಿದದ್ದು 2001ರಲ್ಲೇ. ಅದೇ ಕಾರು ಮುಂದೆ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲೂ ಓಡಿತು. ಸದ್ದಿಲ್ಲದ ಕಾರನ್ನು ಇಷ್ಟು ಬೇಗ ತಯಾರಿಸಿದ ದೇಶ ಪಾದಚಾರಿಯ ಕುರಿತು ಯೋಚಿಸಲು ಎರಡು ದಶಕ ಮೀರಿದ ಸಮಯ ತೆಗೆದುಕೊಂಡಿತು.

ಮಾನಕ ಹೇಳುವುದೇನು, ಬೀದಿ ಬೇಡುವುದೇನು

138ನೇ ನಿಯಮದ ಪ್ರಕಾರ ಕಾರಿನ ಮಧ್ಯರೇಖೆಯಿಂದ 2 ಮೀಟರ್ ದೂರದಲ್ಲಿಟ್ಟ ಮೈಕ್ರೊಫೋನಿನಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗಕ್ಕೆ ಕನಿಷ್ಠ 50 ಡೆಸಿಬಲ್, 20 ಕಿಲೋಮೀಟರ್ ವೇಗಕ್ಕೆ 56, ಹಿಂದಕ್ಕೆ ಚಲಿಸುವಾಗ 47 ಡೆಸಿಬಲ್ ಸದ್ದು ದಾಖಲಾಗಬೇಕು. ಗರಿಷ್ಠ ಮಿತಿ 75. ಸದ್ದಿನಲ್ಲಿ ಕನಿಷ್ಠ ಎರಡು ಆವರ್ತನ ಪಟ್ಟಿಗಳಿರಬೇಕು, ಅವುಗಳಲ್ಲಿ ಒಂದಾದರೂ 1,600 ಹರ್ಟ್ಸ್ ಅಥವಾ ಅದಕ್ಕಿಂತ ಕೆಳಗಿರಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಆವರ್ತನಗಳನ್ನು. ಹಿರಿಯರಿಗೂ ಕೇಳಿಸಬೇಕೆಂದರೆ ಕೆಳಗಿನ ಪಟ್ಟಿ ಬೇಕೇಬೇಕು. ವೇಗ ಏರಿದಂತೆ ಸ್ಥಾಯಿಯೂ ಪ್ರತಿ ಕಿಲೋಮೀಟರಿಗೆ ಶೇ 0.8ರಷ್ಟಾದರೂ ಏರಬೇಕು. ಗಂಟೆಗೆ 5ರಿಂದ 20 ಕಿಲೋಮೀಟರಿಗೆ ಹೋಗುವಷ್ಟರಲ್ಲಿ ಇದು ಶೇ 12 ಆಗುತ್ತದೆ. ಗಾಯಕ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಏರುವಷ್ಟು. ಸಂಗೀತ ಕಲಿಯದ ಕಿವಿಗೂ ಈ ವ್ಯತ್ಯಾಸ ತಿಳಿಯುತ್ತದೆ, ಕಾರು ವೇಗ ಹೆಚ್ಚಿಸುತ್ತಿದೆಯೋ ನಿಲ್ಲುತ್ತಿದೆಯೋ ಎಂಬುದು ನೋಡದೆಯೇ ಗೊತ್ತಾಗುತ್ತದೆ. ಇಡೀ ನಿಯಮದಲ್ಲಿ ಅತ್ಯಂತ ವಿವೇಕದ ಅಂಶ ಇದು ಎಂದು ನನ್ನ ಎಣಿಕೆ.

ಸದ್ದಿನ ಮಟ್ಟದ ವಿಷಯದಲ್ಲಿ ಅಂಥ ಸಮಾಧಾನವಿಲ್ಲ. ಒಂದು ಸರಳ ಲೆಕ್ಕ ಮಾಡೋಣ. ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 5.6 ಮೀಟರ್. ಚಾಲಕ ಪ್ರತಿಕ್ರಿಯಿಸಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲಿ ಕಾರು 8.3 ಮೀಟರ್ ಮುಂದೆ ಬಂದಿರುತ್ತದೆ. ಸಾಧಾರಣ ಬ್ರೇಕಿನಲ್ಲಿ ನಿಲ್ಲಲು ಇನ್ನೂ 3 ಮೀಟರ್ ಬೇಕು. ಪಾದಚಾರಿಗೆ ಕಾರು ಕನಿಷ್ಠ 11 ಮೀಟರ್ ದೂರದಲ್ಲೇ ಕೇಳಿಸಬೇಕು. ತೆರೆದ ಬಯಲಿನಲ್ಲಿ ದೂರ ಎರಡುಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. 2 ಮೀಟರಿನಲ್ಲಿ 56 ಡೆಸಿಬಲ್ ಇದ್ದದ್ದು 11 ಮೀಟರಿನಲ್ಲಿ ಸುಮಾರು 41ಕ್ಕೆ ಇಳಿದಿರುತ್ತದೆ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ ಅನುಮತಿಸುವ ಮಟ್ಟವೇ 55 ಡೆಸಿಬಲ್, ವಾಣಿಜ್ಯ ಪ್ರದೇಶಕ್ಕೆ 65. ಮುಖ್ಯ ರಸ್ತೆಗಳು ಈ ಮಿತಿಯನ್ನು ಮೀರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಈ ಹೋಲಿಕೆಗೆ ಒಂದು ತಿದ್ದುಪಡಿ ಅಗತ್ಯ. ಕಿವಿ ಒಟ್ಟು ಸದ್ದನ್ನು ಒಂದೇ ಮೊತ್ತವಾಗಿ ಅಳೆಯುವುದಿಲ್ಲ. ಆವರ್ತನಗಳನ್ನು ಪಟ್ಟಿಪಟ್ಟಿಯಾಗಿ ಬೇರ್ಪಡಿಸಿ ಕೇಳುತ್ತದೆ. ಹಿನ್ನೆಲೆಯ ಗದ್ದಲ ಕಡಿಮೆಯಿರುವ ಪಟ್ಟಿಯಲ್ಲಿ ಎಚ್ಚರಿಕೆಯ ಸದ್ದಿದ್ದರೆ, ಒಟ್ಟು ಗದ್ದಲಕ್ಕಿಂತ ಹತ್ತು ಡೆಸಿಬಲ್ ಕೆಳಗಿದ್ದರೂ ಅದು ಕೇಳಿಸಬಹುದು. ಯಾವ ಪಟ್ಟಿಯಲ್ಲಿ ಗದ್ದಲ ಕಡಿಮೆ ಎಂಬುದು ಊರಿಂದೂರಿಗೆ ಬೇರೆ. ಹಾರ್ನ್, ಆಟೊರಿಕ್ಷಾ, ಹಳೆಯ ಡೀಸೆಲ್ ಬಸ್ಸು, ಜನರೇಟರ್ ಎಲ್ಲ ಸೇರಿದ ಭಾರತದ ಬೀದಿಯ ಸದ್ದಿನ ವಿನ್ಯಾಸವೂ ಯುರೋಪಿನ ಬೀದಿಯದೂ ಒಂದಲ್ಲ. ಅಲ್ಲಿ ಸಂದಿನಲ್ಲಿ ನುಸುಳಿ ಕೇಳಿಸುವ ಆವರ್ತನ ಇಲ್ಲಿ ಹಾರ್ನಿನ ಕೆಳಗೆ ಹೂತುಹೋಗಬಹುದು. ಮಾನಕವನ್ನು ಎರವಲು ತರುವುದರಲ್ಲಿ ತಪ್ಪಿಲ್ಲ, ಆದರೆ ಅದರ ಹಿಂದಿರುವ ಹಿನ್ನೆಲೆ ಗದ್ದಲದ ಊಹೆಯನ್ನು ಎರವಲು ತರಲಾಗದು.

ದಿಕ್ಕಿನ ಪ್ರಶ್ನೆಯೂ ಇದೆ. ಸದ್ದು ಎರಡು ಕಿವಿಗಳಿಗೆ ತಲುಪುವ ಸಮಯದ ವ್ಯತ್ಯಾಸದಿಂದ ತಗ್ಗಿನ ಸ್ಥಾಯಿಗಳ ದಿಕ್ಕೂ, ತಲೆಯ ಮರೆಯಿಂದ ಉಂಟಾಗುವ ಮಟ್ಟದ ವ್ಯತ್ಯಾಸದಿಂದ ಮೇಲಿನ ಸ್ಥಾಯಿಗಳ ದಿಕ್ಕೂ ತಿಳಿಯುತ್ತದೆ ಎಂದು ಲಾರ್ಡ್ ರೇಲಿ 1907ರಲ್ಲೇ ವಿವರಿಸಿದ್ದರು. ಇವೆರಡರ ನಡುವಿನ ಒಂಟಿ ಸ್ವರ ಕೇಳುಗನನ್ನು ದಾರಿತಪ್ಪಿಸುತ್ತದೆ. ಹಿಂದಕ್ಕೆ ಬರುವ ಲಾರಿಯ ಪೀಂ ಪೀಂ ಎಲ್ಲಿಂದ ಬರುತ್ತಿದೆಯೆಂದು ತಟ್ಟನೆ ಹೇಳಲಾಗದಿರುವುದು ಅದಕ್ಕೇ. ಅಗಲವಾದ ಪಟ್ಟಿಗಳಲ್ಲಿ ಹರಡಿದ, ಉಸಿರಿನಂಥ ಗೊರಗೊರ ದನಿಯ ದಿಕ್ಕು ಸುಲಭವಾಗಿ ತಿಳಿಯುತ್ತದೆ. ಎಂಜಿನ್ನಿನ ಸದ್ದಿಗೆ ಈ ಗುಣ ತಾನಾಗಿಯೇ ಇತ್ತು. ಯುರೋಪಿನ ನಿಯಂತ್ರಣ ಎಚ್ಚರಿಕೆಯ ಸದ್ದು ಅದೇ ವರ್ಗದ ಎಂಜಿನ್ ವಾಹನದ ಸದ್ದನ್ನು ಹೋಲಬೇಕು ಎನ್ನುವುದಕ್ಕೆ ಇದೂ ಒಂದು ಸಮರ್ಥನೆ.

ಇಷ್ಟರ ನಡುವೆ ಕಾರಿನ ಸದ್ದನ್ನು ಬ್ರಾಂಡಿನ ಗುರುತಾಗಿ, ಮನರಂಜನೆಯಾಗಿ ಕಾಣುವ ಪ್ರವೃತ್ತಿ ಬೆಳೆದಿದೆ. 2022ರ ಫೆಬ್ರವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ 5,78,607 ಕಾರುಗಳನ್ನು ಹಿಂಪಡೆದು ಸರಿಪಡಿಸಬೇಕಾಯಿತು. ಅವುಗಳ ಬೂಮ್‌ಬಾಕ್ಸ್ ಸೌಲಭ್ಯ ಚಲಿಸುವಾಗಲೂ ಹೊರಗಿನ ಸ್ಪೀಕರಿನಲ್ಲಿ ಹಾಡು ಮತ್ತಿತರ ದನಿಗಳನ್ನು ನುಡಿಸಿ ಎಚ್ಚರಿಕೆಯ ಸದ್ದನ್ನು ಮುಚ್ಚಿಹಾಕಬಹುದಿತ್ತು. ಮಾಲೀಕರು ತಮಗಿಷ್ಟವಾದ ಸದ್ದನ್ನು ಆರಿಸಿಕೊಳ್ಳಲು ಬಿಡುವ ಪ್ರಸ್ತಾವವನ್ನು ಅಮೆರಿಕದ ಸುರಕ್ಷತಾ ಆಡಳಿತ ಅದೇ ವರ್ಷ ಕೈಬಿಟ್ಟಿತು. ಆ ತೀರ್ಮಾನ ಸರಿ. ಈ ಸದ್ದಿನ ಹಕ್ಕುದಾರ ಕಾರಿನ ಹೊರಗಿದ್ದಾನೆ, ಒಳಗಿರುವವನ ಅಭಿರುಚಿಗೆ ಇಲ್ಲಿ ಪಾತ್ರವಿಲ್ಲ.

ನಿಂತ ಕಾರು, ಬಿಟ್ಟುಹೋದ ಸ್ಕೂಟರ್

ಎರಡು ಕಡೆ ನಮ್ಮ ಕರಡು ಹಿಂದೆ ಬಿದ್ದಿದೆ. ಮೊದಲನೆಯದು ನಿಂತ ವಾಹನದ ಸದ್ದು. ಗೇರಿನಲ್ಲಿದ್ದು ನಿಂತಿರುವ ಕಾರೂ ಸದ್ದು ಮಾಡಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ, ವೇಗದ ಮಿತಿಯನ್ನೂ ಗಂಟೆಗೆ 30 ಕಿಲೋಮೀಟರಿಗೆ ಇಡುತ್ತದೆ. 138ನೇ ನಿಯಮ 20ಕ್ಕೇ ನಿಲ್ಲುತ್ತದೆ, ನಿಂತಾಗಿನ ಸದ್ದನ್ನು ತಯಾರಕರ ಇಚ್ಛೆಗೆ ಬಿಡುತ್ತದೆ. ನಿಂತ ಕಾರು ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಅಂಧರ ಓಡಾಟದ ಕ್ರಮವನ್ನು ನೆನೆದರೆ ಆ ವಾದ ನಿಲ್ಲುವುದಿಲ್ಲ: ಮುಂದಿನ ಕ್ಷಣ ಹೊರಡಲಿರುವ ಕಾರು ಎದುರಿಗಿದೆ ಎಂದು ತಿಳಿದೇ ಅವರು ಹೆಜ್ಜೆ ಇಡುವುದನ್ನು ನಿರ್ಧರಿಸುತ್ತಾರೆ. ಹೊರಟ ಮೇಲೆ ಕೇಳಿಸಿದರೆ ಅವರು ಆಗಲೇ ಅದರ ಮುಂದಿರುತ್ತಾರೆ.

ಎರಡನೆಯದು ಇನ್ನೂ ದೊಡ್ಡದು. ಭಾರತದಲ್ಲಿ ಮಾರಾಟವಾಗುವ ಎಲೆಕ್ಟ್ರಿಕ್ ವಾಹನಗಳಲ್ಲಿ ಬಹುಪಾಲು ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳು. ಬೆಂಗಳೂರು ಇವುಗಳ ತಯಾರಿಕೆಗೂ ಬಳಕೆಗೂ ಹೆಸರಾದ ಊರು. ಸ್ಕೂಟರು ಗಲ್ಲಿಗೆ ನುಗ್ಗುತ್ತದೆ, ಫುಟ್‌ಪಾತ್ ಏರುತ್ತದೆ, ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುತ್ತದೆ. ಫುಟ್‌ಪಾತ್ ಇಲ್ಲದೆಡೆ ರಸ್ತೆಯಂಚಿನಲ್ಲಿ ವಾಹನಗಳಿಗೆ ಬೆನ್ನು ಹಾಕಿ ನಡೆಯುವವರಿಗೆ ಕಣ್ಣಿದ್ದರೂ ಕಿವಿಯೇ ಆಧಾರ. 138ನೇ ನಿಯಮವೂ ನಾಲ್ಕು ಗಾಲಿಯ ವಾಹನಗಳಾಚೆ ಹೋಗುವುದಿಲ್ಲ, ಆದರೆ ಅದನ್ನು ಬರೆದ ಸನ್ನಿವೇಶದಲ್ಲಿ ರಸ್ತೆ ತುಂಬಿದ್ದದ್ದು ಕಾರುಗಳು. ಎರವಲು ನಿಯಮದ ವ್ಯಾಪ್ತಿಯನ್ನೇ ನಮ್ಮ ವ್ಯಾಪ್ತಿಯಾಗಿಸಿಕೊಂಡರೆ, ಪಾದಚಾರಿಗೆ ಅತಿ ಹತ್ತಿರ ಓಡಾಡುವ ವಾಹನವೇ ನಿಯಮದ ಹೊರಗೆ ಉಳಿಯುತ್ತದೆ.

ಸದ್ದು ಸೇರಿಸುವುದರ ವಿರುದ್ಧ ಗಂಭೀರವಾದ ಆಕ್ಷೇಪವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಪ್ರಕಟಿಸಿದ ಮಾರ್ಗಸೂಚಿ ರಸ್ತೆ ಸಂಚಾರದ ಸದ್ದನ್ನು ದಿನದ ಸರಾಸರಿಯಲ್ಲಿ 53 ಡೆಸಿಬಲ್‌ಗಿಂತ ಕೆಳಗಿಡಬೇಕೆನ್ನುತ್ತದೆ. ನಿಶ್ಶಬ್ದ ವಾಹನ ಕೊಡುವ ಆರೋಗ್ಯದ ಲಾಭವನ್ನು ನಾವೇ ಕಳೆದುಕೊಳ್ಳುತ್ತಿದ್ದೇವೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಪಾದಚಾರಿಯನ್ನು ಕ್ಯಾಮೆರಾದಿಂದ ಗುರುತಿಸಿ ಅವನ ಕಡೆಗಷ್ಟೇ ಸದ್ದು ಬೀರುವ ಸ್ಪೀಕರ್ ಸಾಲನ್ನು ಯುರೋಪಿನ ಇ-ವೇಡರ್ ಯೋಜನೆ ನಿಸಾನ್ ಲೀಫ್ ಕಾರಿನ ಮೇಲೆ ಪ್ರಯೋಗಿಸಿತ್ತು. ಸುತ್ತಲಿನ ಗದ್ದಲಕ್ಕೆ ತಕ್ಕಂತೆ ಸದ್ದನ್ನು ಏರಿಸಿ ಇಳಿಸುವುದು ಇನ್ನೊಂದು ದಾರಿ. ಆದರೆ ಭಾರತದ ಬೀದಿಯಲ್ಲಿ ಎರಡನೆಯದನ್ನು ಒಂಟಿಯಾಗಿ ತಂದರೆ ಹಾರ್ನಿಗೆ ಎಚ್ಚರಿಕೆಯ ಸದ್ದು, ಅದಕ್ಕೆ ಮತ್ತೆ ಹಾರ್ನು ಎಂದು ಗದ್ದಲ ಏರುತ್ತಲೇ ಹೋಗುತ್ತದೆ. 56 ಡೆಸಿಬಲ್ ಸದ್ದು ಕೇಳಿಸುವಂತೆ ಮಾಡುವ ಅತ್ಯಂತ ಅಗ್ಗದ ಉಪಾಯ ಹಾರ್ನನ್ನು ಕಡಿಮೆ ಮಾಡುವುದು. ಈ ಕಾರಣಕ್ಕೆ ಹಾರ್ನ್ ನಿಯಂತ್ರಣ ಮತ್ತು ಎಚ್ಚರಿಕೆಯ ಸದ್ದು ಒಂದೇ ನೀತಿಯ ಭಾಗವಾಗಬೇಕು. ಸದ್ಯ ಅವು ಬೇರೆ ಬೇರೆ ಕಡತಗಳಲ್ಲಿವೆ.

ಅಂತಿಮ ಅಧಿಸೂಚನೆಗೆ ಮುಂಚೆಯೋ, ಅದರ ಮೊದಲ ಪರಿಷ್ಕರಣೆಯಲ್ಲಾದರೂ ಸರಿ, ಮಾಡಬೇಕಾದ ಪರೀಕ್ಷೆಯ ರೂಪ ಕಷ್ಟದ್ದೇನಲ್ಲ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳ ವಸತಿ ಗಲ್ಲಿ, ಮಾರುಕಟ್ಟೆ, ಬಸ್ ನಿಲ್ದಾಣಗಳ ಸದ್ದನ್ನು ಹಗಲು ರಾತ್ರಿ ಆವರ್ತನ ಪಟ್ಟಿಗಳಾಗಿ ಮುದ್ರಿಸಬೇಕು. ಅದರ ನಡುವೆ ಕಾರು, ಬಸ್ಸು, ಸ್ಕೂಟರು, ಆಟೊಗಳ ಎಚ್ಚರಿಕೆಯ ಸದ್ದು ಎಷ್ಟು ದೂರದಲ್ಲಿ ಗೊತ್ತಾಗುತ್ತದೆ ಎಂಬುದನ್ನು ಅಂಧರೂ ಹಿರಿಯರೂ ಇರುವ ಕೇಳುಗರ ಗುಂಪಿನಿಂದ ಅಳೆಯಬೇಕು. ವಾಹನ ನಿಲ್ಲಲು ಬೇಕಾದ ದೂರಕ್ಕಿಂತ ಆ ದೂರ ಕಡಿಮೆಯಾದ ಕಡೆಯೆಲ್ಲ ಕನಿಷ್ಠ ಮಟ್ಟವನ್ನೋ ಆವರ್ತನವನ್ನೋ ಬದಲಿಸಬೇಕು. ಪರೀಕ್ಷೆಯ ತಂಡದಲ್ಲಿ ಅಂಧರು ಕೇಳುಗರಾಗಿ ಮಾತ್ರವಲ್ಲ, ಯಾವ ಸ್ಥಳ, ಯಾವ ಹೊತ್ತು, ಯಾವ ಬಗೆಯ ದಾಟುವಿಕೆಯನ್ನು ಪರೀಕ್ಷಿಸಬೇಕು ಎಂದು ನಿರ್ಧರಿಸುವವರಾಗಿಯೂ ಇರಬೇಕು.